ಭಾನುವಾರದ ತೂಕ

ಜನವರಿ 9, ಗುರುವಾರ

ಎಷ್ಟು ಹೆಜ್ಜೆ ನಡೆದ ಮೇಲೆ ಏದುಸಿರು ಬರುತ್ತೆ ಅಂತ ದಿನಾ ಬರೆದಿಡಿ ಅಂದರು ಡಾಕ್ಟರು. ಅದಕ್ಕೆ ಈ ಪುಸ್ತಕ. ಇವತ್ತು ನಮ್ಮ ಅಂಗಡಿ ಬಾಗಿಲಿಂದ ಔಷಧಿ ಅಂಗಡಿ ತನಕ, ಇನ್ನೂರ ಹತ್ತು ಹೆಜ್ಜೆ. ಅಲ್ಲಿ ನಿಂತು ಗಾಜಿನೊಳಗಿದ್ದ ಹಲ್ಲುಪುಡಿ ಡಬ್ಬಿಗಳನ್ನ ನೋಡೋ ನಾಟಕ ಆಡಿದೆ. ಅಂಗಡಿಯವನು ಪಾಪ, ಏನು ಬೇಕು ಅಂತ ಎರಡು ಸಲ ಕೇಳಿದ.

ಶ್ವಾಸಕೋಶ ಒಳಗೊಳಗೇ ಗಟ್ಟಿಯಾಗ್ತಾ ಇದೆಯಂತೆ. ನಲವತ್ತು ವರ್ಷ ತಕ್ಕಡಿ ರಿಪೇರಿ ಮಾಡಿದ್ದೀನಿ, ಹಿತ್ತಾಳೆ ಕಬ್ಬಿಣ ಉಜ್ಜಿದ ಧೂಳೆಲ್ಲ ಎಲ್ಲಿಗೆ ಹೋಗಬೇಕು? ಇನ್ನೆಷ್ಟು ದಿನ ಅಂತ ಕೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು, ಎರಡು ವರ್ಷ ಅಂದುಕೊಳ್ಳಿ, ಅದಕ್ಕಿಂತ ಕಡಿಮೆಯೂ ಆಗಬಹುದು ಅಂದರು. ಗ್ರಾಂ ಲೆಕ್ಕದಲ್ಲಿ ಬದುಕಿದವನಿಗೆ ಇಂಥ ಅಂದಾಜು ಕೊಟ್ಟು ಕಳಿಸಿದರು ನೋಡಿ.

ಸಾಯೋದಕ್ಕೆ ಹೆದರಿಕೆ ಇಲ್ಲ ಅಂತ ಬರೆದರೆ ಸುಳ್ಳು. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಈಗ ಪಕ್ಕದಲ್ಲೇ ಕೂತು ಹಿತ್ತಾಳೆಯ ತೂಕದ ಬಟ್ಟುಗಳನ್ನ ಒಂದೊಂದಾಗಿ ಒರೆಸಿ ಪೆಟ್ಟಿಗೆಯ ಗುಳಿಗಳಲ್ಲಿ ಇಡ್ತಾ ಇದೆ. ನನ್ನ ಮಗಳು ಪಾಪುಗೆ ಮೂವತ್ತೆರಡು. ಬೇರೆ ಹೆಸರಿದೆ, ಆಸ್ಪತ್ರೆ ಚೀಟಿಯಲ್ಲಿ ಬಿಟ್ಟರೆ ಎಲ್ಲೂ ಉಪಯೋಗಕ್ಕೆ ಬಂದಿಲ್ಲ. ಬುದ್ಧಿ ಆರೇಳು ವರ್ಷಕ್ಕೆ ನಿಂತಿತು. ಅಂಕಿ ಬರೀತಾಳೆ, ಕೂಡೋಕೆ ಬರಲ್ಲ. ಕಿವಿ ಪಕ್ಕ ನಾಲ್ಕು ಬಿಳಿ ಕೂದಲು ಬಂದಿವೆ. ಆರೋಗ್ಯ ಮಾತ್ರ ಗಟ್ಟಿಮುಟ್ಟು, ಎಂಬತ್ತರ ತನಕ ಏನೂ ಯೋಚನೆ ಇಲ್ಲ ಅಂತ ಡಾಕ್ಟರೊಬ್ಬರು ಯಾವಾಗಲೋ ಹೇಳಿದ್ದರು, ಒಳ್ಳೆ ಸುದ್ದಿ ಅಂತ. ನಲವತ್ತೆಂಟರಲ್ಲಿ ನನ್ನ ಎರಡು ಕಳೆದರೆ ಉಳಿಯೋದೆಷ್ಟು ಅಂತ ಬಸ್ಸಲ್ಲಿ ಬರುವಾಗ ಲೆಕ್ಕ ಹಾಕಿದೆ. ನಲವತ್ತಾರು ವರ್ಷ.

ಜನವರಿ 12, ಭಾನುವಾರ

ಹೆಜ್ಜೆ 205.

ಭಾವಮೈದ ಬಂದಿದ್ದ. ಇವನ ಅಕ್ಕ, ಅಂದರೆ ನನ್ನವಳು, ಹೋಗಿ ಒಂದೂವರೆ ವರ್ಷ ಆಯಿತು. ಅವಳಿದ್ದಾಗಲೂ, ಹೋದ ಮೇಲೂ ಇವನು ಒಂದು ಭಾನುವಾರ ತಪ್ಪಿಸಿಲ್ಲ. ಹತ್ತು ಗಂಟೆಗೆ ಬೈಕು ಬಾಗಿಲಿಗೆ ಬಂದು ನಿಲ್ಲುತ್ತೆ. ಪಾಪು ಅಷ್ಟೊತ್ತಿಗೆ ಶೂ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿರ್ತಾಳೆ.

ಮೊದಲು ತೂಕ ಆಗಬೇಕು. ಬಾಗಿಲ ಪಕ್ಕ ಮೂಟೆ ತೂಗೋ ದೊಡ್ಡ ಯಂತ್ರ ಇದೆಯಲ್ಲ, ಅದರ ಹಲಗೆ ಖಾಲಿ ಇದ್ದಾಗ ಸೊನ್ನೆ ತೋರಿಸ್ತಾ ಇದೆಯಾ ಅಂತ ನೋಡಿಯೇ ಯಾರನ್ನಾದರೂ ಹತ್ತಿಸಬೇಕು ಅಂತ ಹೇಳಿಕೊಟ್ಟಿದ್ದೀನಿ. ಪಾಪು ಬಗ್ಗಿ ನೋಡ್ತಾಳೆ, ಸರಿ ಅಂತ ತಲೆ ಆಡಿಸ್ತಾಳೆ, ಆಮೇಲೆ ಮಾಮ ಹತ್ತಬೇಕು. ಅಡ್ಡಕಡ್ಡಿಯ ಮೇಲೆ ಗುಂಡು ಸರಿಸಿ ಸರಿಸಿ, ಕಡ್ಡಿ ನೆಟ್ಟಗಾದಾಗ ಉಸಿರು ಬಿಟ್ಟು, ತನ್ನ ನೋಟುಬುಕ್ಕಲ್ಲಿ ತಾರೀಕು ಹಾಕಿ ತೂಕ ಬರೀತಾಳೆ. ತಿಂಗಳಿಗೊಮ್ಮೆ ಅವನು ಜೇಬಲ್ಲಿ ಕಲ್ಲು ಇಟ್ಟುಕೊಂಡು ಬರ್ತಾನೆ. ಒಂದು ಕೆಜಿ ಜಾಸ್ತಿ ಬಂದರೆ ಇವಳು ಜೇಬು ಹುಡುಕಿ ಕಲ್ಲು ತೆಗೆದು, ಮಾಮ ಮೋಸ, ಮಾಮ ಮೋಸ ಅಂತ ಕುಣೀತಾಳೆ. ಹನ್ನೊಂದು ವರ್ಷದಿಂದ ಅದೇ ಕಲ್ಲು, ಅದೇ ನಗು. ಆಮೇಲೆ ಬೈಕಲ್ಲಿ ಕೂರಿಸಿಕೊಂಡು ಕೆರೆ ತನಕ ಒಂದು ಸುತ್ತು ಹೋಗಿ ಬರ್ತಾರೆ.

ಪಾಪು ಕೈ ತೊಳೆಯೋಕೆ ಹೋದಾಗ ವಿಷಯ ಹೇಳಿದೆ. ಹೆಲ್ಮೆಟ್ಟನ್ನ ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ಪಾಪು ನಮ್ಮನೇಲಿರ್ತಾಳೆ ಭಾವ, ಅದರಲ್ಲಿ ಮಾತೇನಿದೆ" ಅಂದ. ಅವನ ಮನೆಯ ಹಿಂದಿನ ಕೋಣೆಯಲ್ಲಿರೋ ಹೊಲಿಗೆ ಯಂತ್ರ ಹಾಲ್‌ಗೆ ತಂದರೆ ಅಲ್ಲಿ ಪಾಪುಗೆ ಮಂಚ ಹಿಡಿಯುತ್ತಂತೆ. ನನಗೆ ಅಳು ಬಂತು, ಕೆಮ್ಮಿದ ಹಾಗೆ ಮಾಡಿದೆ.

ಅದೇ ಉಸಿರಲ್ಲಿ, ಈಗ ಹಣವನ್ನೂ ಒಂದು ಸಲ ನೋಡಿಬಿಡೋಣ, ಹೊಸ ಪ್ಲಾನು ಬಂದಿದೆ ಅಂದ. ಕೆಲಸವೇ ಅದು, ಉಳಿತಾಯ ಯೋಜನೆಗಳ ಏಜೆಂಟು. ಏಳು ವರ್ಷದಿಂದ ನನ್ನ ಉಳಿತಾಯ, ಹೋದ ವರ್ಷ ಬಂದ ನನ್ನವಳ ವಿಮೆ ಹಣ, ಹಿತ್ತಲು ಮಾರಿದ್ದು, ಎಲ್ಲಾ ಅವನ ಕೈಯಿಂದಲೇ ಹಾಕಿಸಿದ್ದೀನಿ. ಚೀಟಿಗಳನ್ನ ಓದಿಲ್ಲ. ಮನೆಯವನೇ ತಾನೇ.

ಜನವರಿ 30, ಗುರುವಾರ

ಲೆಕ್ಕದ ಮೇಡಂ ಅಡುಗೆಮನೆ ತಕ್ಕಡಿ ತಂದಿದ್ದರು. ಶಾಲೆಯಿಂದ ನಿವೃತ್ತಿಯಾಗಿ ಹತ್ತು ವರ್ಷ ಆದರೂ ಬೀದಿಗೆಲ್ಲ ಅವರು ಲೆಕ್ಕದ ಮೇಡಮ್ಮೇ. ತಕ್ಕಡಿ ಇಪ್ಪತ್ತು ಗ್ರಾಂ ಕದೀತಾ ಇತ್ತು. ಸ್ಪ್ರಿಂಗ್ ಬದಲಾಯಿಸುವಾಗ ಉಸಿರು ಸಾಲದೆ ಮೂರು ಸಲ ನಿಲ್ಲಿಸಿದೆ. ಅವರು ಸುಮ್ಮನೆ ಬಿಡೋ ಪೈಕಿ ಅಲ್ಲ, ಕೇಳಿ ಕೇಳಿ ಎಲ್ಲಾ ಬಾಯಿ ಬಿಡಿಸಿದರು. ಹಣ ಎಲ್ಲಿಟ್ಟಿದ್ದೀರಿ ಅಂದರು. ಕಾಗದ ತಂದು ಕೊಟ್ಟೆ. ಕನ್ನಡಕ ಏರಿಸಿ ಓದಿದರು, ಎಂಟನೇ ಪುಟದ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದ ಮೇಲೆ ಬೆರಳಿಟ್ಟರು. ವರ್ಷಕ್ಕೆ ನೂರಕ್ಕೆ ಎರಡೂ ಕಾಲು ಖರ್ಚು ಅಂತ ಕಂಪನಿಯವರೇ ಹಿಡ್ಕೋತಾರೆ.

ಎರಡೂ ಕಾಲು ತಾನೇ ಅಂದೆ. ತಕ್ಕಡಿ ಸರಿಮಾಡಿಸಿಕೊಂಡು ಹೋಗೋಕೆ ಬಂದವರು ಒಂದೂವರೆ ಗಂಟೆ ಪಾಠ ಮಾಡಿದರು. ಒಂದು ರೂಪಾಯಿ ವರ್ಷಕ್ಕೆ ನೂರಕ್ಕೆ ಎಂಟರಂತೆ ನಲವತ್ತು ವರ್ಷ ಬೆಳೆದರೆ ಇಪ್ಪತ್ತೊಂದೂ ಮುಕ್ಕಾಲು. ಆರರಂತೆ ಬೆಳೆದರೆ ಹತ್ತೂ ಕಾಲು. ನಡುವಿನ ವ್ಯತ್ಯಾಸ ನೂರಕ್ಕೆ ಎರಡೇ. ನಾನು ನಾಲ್ಕು ಸಲ ಕ್ಯಾಲ್ಕುಲೇಟರ್ ಒತ್ತಿದೆ, ನಾಲ್ಕು ಸಲವೂ ಅಷ್ಟೇ ಬಂತು.

ಫೆಬ್ರವರಿ 18, ಮಂಗಳವಾರ

ಹೆಜ್ಜೆ 180.

ಮೇಡಂ ಒಂದು ಚೀಟಿ ಬರೆದುಕೊಟ್ಟಿದ್ದಾರೆ, ಅದನ್ನ ಗೋಡೆಗೆ ಅಂಟಿಸಿದ್ದೀನಿ. ಇಡೀ ಷೇರು ಪೇಟೆಯನ್ನ ಚೂರು ಚೂರಾಗಿ ಕೊಳ್ಳೋ ಇಂಡೆಕ್ಸ್ ಫಂಡು ಒಂದು, ಬಡ್ಡಿ ತರೋ ಸಾಲಪತ್ರಗಳ ಬಾಂಡ್ ಫಂಡು ಒಂದು. ಎಪ್ಪತ್ತು ಅದರಲ್ಲಿ, ಮೂವತ್ತು ಇದರಲ್ಲಿ. ಖರ್ಚು ನೂರಕ್ಕೆ ಕಾಲು ಕೂಡ ಇಲ್ಲ. ವರ್ಷಕ್ಕೊಮ್ಮೆ ಎಪ್ಪತ್ತು ಮೂವತ್ತಕ್ಕೆ ಸರಿದೂಗಿಸಬೇಕು, ಉಳಿದ ದಿನ ಅದರ ಕಡೆ ತಿರುಗಿಯೂ ನೋಡಬಾರದು. ಪೇಟೆ ಏರೋದು ಇಳಿಯೋದು ಯಾರ ಕೈಯಲ್ಲೂ ಇಲ್ಲ, ಖರ್ಚು ಮಾತ್ರ ನಮ್ಮ ಕೈಯಲ್ಲಿ ಅಂತ ಅವರು ಹೇಳಿದ್ದು. ಇಷ್ಟೇ. ಸರಿದೂಗಿಸೋದು ನನಗೆ ಹೇಳಿಕೊಡಬೇಕಾ?

ಪಾಪುಗೆ ತಿಂಗಳಿಗೆ ಬೇಕಾಗೋದನ್ನ ತೆಗೀತಾ ಹೋದರೆ ಎಲ್ಲಿಗೆ ಮುಗಿಯುತ್ತೆ ಅಂತ ಇಬ್ಬರೂ ಕೂತು ಲೆಕ್ಕ ಹಾಕಿದ್ವಿ. ಈಗಿರೋ ಯೋಜನೆಯಲ್ಲಿ ಅವಳಿಗೆ ಐವತ್ತೆಂಟಾದಾಗ ಕೈ ಖಾಲಿ. ಅಗ್ಗದ್ದರಲ್ಲಿ ಎಪ್ಪತ್ತೆಂಟು. ಇಪ್ಪತ್ತು ವರ್ಷ. ನನ್ನ ಮಗಳ ಇಪ್ಪತ್ತು ವರ್ಷದ ಅನ್ನ ಎಂಟನೇ ಪುಟದ ಅಡಿಯಲ್ಲಿ ಕಾಣದ ಹಾಗೆ ಕೂತಿತ್ತು.

ಯಾವ ತಕ್ಕಡಿಯೂ ಪೂರ್ತಿ ನಿಖರ ಅಲ್ಲ, ಇಷ್ಟು ಗ್ರಾಂ ತನಕ ವ್ಯತ್ಯಾಸ ಇರಲಿ ಬಿಡಿ ಅಂತ ಕಾಯಿದೆಯೇ ಹೇಳುತ್ತೆ. ನನ್ನ ಕೈಯಿಂದ ಹೋದ ತಕ್ಕಡಿಯಲ್ಲಿ ನಾನು ಅಷ್ಟನ್ನೂ ಬಿಟ್ಟವನಲ್ಲ. ದಿನಸಿ ಅಂಗಡಿಯವನು ಐದು ಗ್ರಾಂ ಸಡಿಲ ಬಿಡು ಅಂತ ಲಂಚ ಕೊಡೋಕೆ ಬಂದಾಗ ಬಾಗಿಲು ತೋರಿಸಿದ್ದೀನಿ. ಅಂಥ ನನ್ನ ಮನೆಯಲ್ಲೇ ಭಾವಮೈದ ಏಳು ವರ್ಷ ಇದನ್ನ ಮಾಡಿದ, ವಾರ ವಾರ ಚಹಾ ಕುಡಿದು.

ಫೆಬ್ರವರಿ 23, ಭಾನುವಾರ

ಏಜೆಂಟು ಬಂದಿದ್ದ. ಎಪ್ಪತ್ತೈದು ಕೆಜಿ. ನಾನು ತಲೆನೋವು ಅಂತ ಒಳಗೇ ಮಲಗಿದ್ದೆ.

ಮಾರ್ಚ್ 11, ಮಂಗಳವಾರ

ಹೆಜ್ಜೆ 150.

ಯೋಜನೆಗಳನ್ನೆಲ್ಲಾ ಮುರಿಸಿದೆ. ಕಂಪನಿ ಕಚೇರಿಯಲ್ಲಿ ಮೂರು ಕೌಂಟರು, ಹನ್ನೊಂದು ಸಹಿ. ನಿಮ್ಮ ಏಜೆಂಟಿಗೆ ಹೇಳಿದ್ದೀರಾ ಅಂತ ಗುಮಾಸ್ತ ಎರಡು ಸಲ ಕೇಳಿದ. ನನ್ನ ಹಣ ನಾನು ತಗೊಳ್ಳೋಕೆ ಯಾರ ಅಪ್ಪಣೆ ಬೇಕು ಅಂದೆ. ಕೊನೇ ಕಾಗದದಲ್ಲಿ ಎರಡು ವರ್ಷದೊಳಗೆ ಮುರಿದರೆ ಏಜೆಂಟಿಗೆ ಸಂಬಂಧಪಟ್ಟದ್ದು ಏನೋ ಒಂದು ಸಾಲಿತ್ತು. ನನಗೆ ಬೇಡದ್ದು.

ಮೇಡಂಗೆ ತೋರಿಸಿದೆ. ಖುಷಿಪಡ್ತಾರೆ ಅಂದುಕೊಂಡಿದ್ದೆ. ನಿಮ್ಮ ಭಾವಮೈದನ ಹತ್ರ ಮಾತಾಡಿದ್ರಾ ಅಂತ ಅವರೂ ಅದನ್ನೇ ಕೇಳಿದರು. ಲೆಕ್ಕದ ಮಟ್ಟಿಗೆ ನನ್ನ ಜವಾಬ್ದಾರಿ, ಮನೆ ಮಾತು ನಾನು ಹೇಳಲ್ಲ ಅಂದು ಎದ್ದು ಹೋದರು.

ಮಾರ್ಚ್ 26, ಬುಧವಾರ

ಹೊಸ ಫಂಡುಗಳು ಖಾತೆಗೆ ಬಂದವು. ಎಪ್ಪತ್ತು, ಮೂವತ್ತು. ಒಂದು ಚೂರೂ ಆ ಕಡೆ ಈ ಕಡೆ ಇಲ್ಲ. ಬಹಳ ದಿನದ ಮೇಲೆ ಹಸಿವಾಯಿತು.

ಏಪ್ರಿಲ್ 6, ಭಾನುವಾರ

ಇವತ್ತಿನದು ಬರೆದುಬಿಡಬೇಕು, ಆಮೇಲೆ ನನಗೆ ಅನುಕೂಲವಾದ ಹಾಗೆ ನೆನಪಿಟ್ಟುಕೊಳ್ತೀನಿ.

ಕಂಪನಿಯಿಂದ ಅವನಿಗೆ ಕಾಗದ ಹೋಗಿದೆ. ಬಂದ, ಎಂದಿನ ಹಾಗೆ ಪಾಪು ಎದುರು ಹಲಗೆ ಹತ್ತಿದ. ಎಪ್ಪತ್ತನಾಲ್ಕೂವರೆ. ಇಳಿದ. "ಒಂದು ಮಾತು ಹೇಳಬಹುದಿತ್ತು ಭಾವ" ಅಂದ. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿರ್ತಿತ್ತೇನೋ.

ನಾನು ಎರಡು ತಿಂಗಳಿಂದ ಜೇಬಲ್ಲಿಟ್ಟುಕೊಂಡಿದ್ದ ಚೀಟಿ ತೆಗೆದೆ. ಏಳು ವರ್ಷದಲ್ಲಿ ನನ್ನ ಹಣದಿಂದ ಎಷ್ಟು ಖರ್ಚು ಹಿಡಿದಿದ್ದಾರೆ, ಅದರಲ್ಲಿ ಇವನ ಪಾಲು ಎಷ್ಟು, ಎಲ್ಲಾ ಬರೆದಿದ್ದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನನ್ನ ಕೈ ಸುಮ್ಮನಿರಬೇಕಲ್ಲ. ಅದನ್ನ ಏಳು ವರ್ಷದ ಭಾನುವಾರಗಳಿಂದ ಭಾಗಿಸಿಟ್ಟಿದ್ದೆ. "ಒಂದು ಭಾನುವಾರಕ್ಕೆ ನಿನಗೆ ಇಷ್ಟು ಬಿದ್ದಿದೆ" ಅಂತ ಓದಿದೆ. "ಬಿಸ್ಕತ್ತು, ಪೆಟ್ರೋಲು ಕಳೆದರೂ ಲಾಭವೇ."

ಅವನು ಚೀಟಿ ಇಸಕೊಂಡ. ಓದಿದ. ಮಡಿಸಿ ವಾಪಸ್ ಕೊಟ್ಟ. ಪಾಪು ತಲೆ ಮೇಲೆ ಕೈಯಿಟ್ಟು, ಇವತ್ತು ಸುತ್ತು ಬೇಡ ಪುಟ್ಟಾ, ಟೈರು ಸರಿ ಇಲ್ಲ ಅಂದ. ಟೈರು ಸರಿಯಾಗೇ ಇತ್ತು. ಬಿಸ್ಕತ್ತು ಪೊಟ್ಟಣ ಮೇಜಿನ ಮೇಲಿದೆ, ನಾನು ಮುಟ್ಟಿಲ್ಲ.

ತಪ್ಪು ಏನು ಹೇಳಿದೆ? ಒಂದು ಅಂಕಿಯೂ ಸುಳ್ಳಲ್ಲ.

ಏಪ್ರಿಲ್ 9, ಬುಧವಾರ

ಪೇಟೆ ಬಿದ್ದಿದೆಯಂತೆ. ಮೇಡಂ ಹೇಳಿದ ಹಾಗೆ ನೋಡಲಿಲ್ಲ.

ಏಪ್ರಿಲ್ 10, ಗುರುವಾರ

ನೋಡಿದೆ. ನೂರಕ್ಕೆ ಒಂಬತ್ತು ಹೋಗಿದೆ. ಬೆವರಿತು. ನಲವತ್ತಾರು ವರ್ಷದಲ್ಲಿ ಇದು ಮೊದಲನೇ ತಿಂಗಳು ಅಂತ ನನಗೆ ನಾನೇ ಹೇಳಿಕೊಂಡೆ. ಮಾರಲಿಲ್ಲ. ಹೆಜ್ಜೆ 120.

ಏಪ್ರಿಲ್ 13, ಭಾನುವಾರ

ಪಾಪು ಮಧ್ಯಾಹ್ನ ಎರಡರ ತನಕ ಮೆಟ್ಟಿಲ ಮೇಲೆ ಕೂತಿದ್ದಳು. ಮಾಮಗೆ ಕೆಲಸ ಅಂದೆ. ಊಟಕ್ಕೂ ಶೂ ಬಿಚ್ಚಲಿಲ್ಲ.

ಏಪ್ರಿಲ್ 27, ಭಾನುವಾರ

ಶೂ.

ಮೇ 15, ಗುರುವಾರ

ಅವನ ಹೆಂಡತಿ ಬಂದಿದ್ದಳು, ಬಸ್ಸಲ್ಲಿ. ಕೂತ್ಕೋ ಅಂದೆ, ಕೂರಲಿಲ್ಲ. ಪಾಪುಗೆ ಅಂತ ಹೊಲಿದಿದ್ದ ಎರಡು ಅಂಗಿ ತಂದಿದ್ದಳು. ಇವನ್ನ ಮೊದಲೇ ಹೊಲಿದದ್ದು ಅಣ್ಣ, ಮನೇಲಿಟ್ಟುಕೊಂಡು ಏನು ಮಾಡೋದು ಅಂದಳು.

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು. ಹೋದ ವರ್ಷದ ಯೋಜನೆ ಎರಡು ವರ್ಷದೊಳಗೆ ಮುರಿದದ್ದರಿಂದ ಅದಕ್ಕೆ ಕೊಟ್ಟಿದ್ದ ಕಮಿಷನ್ನೆಲ್ಲ ಕಂಪನಿ ವಾಪಸ್ ಕೇಳಿತಂತೆ. ಆ ಹಣ ಎಂದೋ ಮಗಳ ಕಾಲೇಜಿಗೆ ಹೋಗಿತ್ತು. ಬೈಕು ಮಾರಿ ಕಟ್ಟಿದ್ದಾನೆ. ಈಗ ಗಿರಾಕಿಗಳ ಮನೆಗೆ ನಡಕೊಂಡು ಹೋಗ್ತಾನೆ. ನಿಮಗೆ ಹೇಳಬೇಡ ಅಂದಿದ್ರು ಅಂದಳು. ಬೈಯಲಿಲ್ಲ. ಕೊನೇ ಕಾಗದದ ಆ ಸಾಲು ನೆನಪಾಯಿತು. ನಾನು ಅದನ್ನ ಓದಿದ್ದೆ. ಓದಿಲ್ಲ ಅಂತ ಇಲ್ಲೇ ಹಿಂದೆ ಬರೆದಿದ್ದೀನಾ ಅಂತ ತಿರುವಿ ನೋಡಿದೆ. ಬೇಡದ್ದು ಅಂತ ಬರೆದಿದ್ದೀನಿ.

ಆದರೂ ಇಪ್ಪತ್ತು ವರ್ಷ ಉಳಿಯಿತಲ್ಲ.

ಜೂನ್ 3, ಮಂಗಳವಾರ

ಮೇಡಂ ಬಂದಿದ್ದರು. ಫಂಡೆಲ್ಲ ಸರಿ, ನೀವಿಲ್ಲದಾಗ ಸರಿದೂಗಿಸೋರು ಯಾರು ಅಂದರು. ತಿಂಗಳಿಗೆ ಬೇಕಾದ್ದು ತೆಗೆದು ಕೊಡೋರು ಯಾರು? ಪಾಪು ಸಹಿ ನಡೆಯಲ್ಲ. ನಿಮ್ಮ ಭಾವಮೈದ ಮಾಡ್ತಾರೆ ಅಂತ ನಾನು ಅಂದುಕೊಂಡಿದ್ದೆ ಅಂದರು.

ನಾನೂ ಹಾಗೇ ಅಂದುಕೊಂಡಿದ್ದೆ. ಅವನನ್ನ ಕಳೆದು ಲೆಕ್ಕ ಹಾಕಿದ ಮೇಲೂ ಅವನು ಇರ್ತಾನೆ ಅಂತಲೇ ಅಂದುಕೊಂಡಿದ್ದೆ. ಇದು ಹೇಗೆ ಹೊಳೀಲಿಲ್ಲವೋ ಗೊತ್ತಿಲ್ಲ. ಮೇಡಂ ನೀವಾದರೂ ಅಂತ ಬಾಯಿಗೆ ಬಂತು. ಅವರಿಗೆ ಎಪ್ಪತ್ತೊಂದು.

ಜೂನ್ 19, ಗುರುವಾರ

ಬ್ಯಾಂಕಿನಲ್ಲಿ ಪಾಪುವಿನಂಥವರಿಗೆ ಅಂತಲೇ ಒಂದು ವಿಭಾಗ ಇದೆ. ತಂದೆತಾಯಿ ಇಲ್ಲದಾಗ ಬ್ಯಾಂಕೇ ಪೋಷಕನ ಜಾಗದಲ್ಲಿ ನಿಂತು ಹಣ ನೋಡಿಕೊಳ್ಳುತ್ತೆ. ಎರಡನೇ ಮಹಡಿ. ಲಿಫ್ಟ್ ಇತ್ತು, ಪುಣ್ಯ. ಗಾಜಿನ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳು ನೀರು ಕೊಟ್ಟು, ಉಸಿರು ಸರಿಹೋಗೋ ತನಕ ಕಾದು, ಆಮೇಲೆ ಮಾತು ಶುರು ಮಾಡಿದಳು. ಒಳ್ಳೆ ಹುಡುಗಿ.

ವಾರ್ಷಿಕ ಶುಲ್ಕ ನೂರಕ್ಕೆ ಒಂದೂ ಮುಕ್ಕಾಲು ಸರ್, ಮೇಲೆ ತೆರಿಗೆ ಅಂದಳು.

ಪೆನ್ಸಿಲ್ ಕೇಳಿ ಇಸಕೊಂಡೆ. ಅವಳ ಎದುರೇ ಲೆಕ್ಕ ಹಾಕಿದೆ. ಪಾಪುಗೆ ಐವತ್ತೊಂಬತ್ತು ಆದಾಗ ಹಣ ಮುಗಿಯುತ್ತೆ. ಭಾವಮೈದನ ಯೋಜನೆಯಲ್ಲೇ ಬಿಟ್ಟಿದ್ದರೆ ಐವತ್ತೆಂಟು. ಒಂದು ವರ್ಷ ಗೆದ್ದಿದ್ದೀನಿ.

ಯಾರಾದರೂ ಬಂದು ಅವಳನ್ನ ನೋಡ್ತಾರಾ ಅಂತ ಕೇಳಿದೆ. ನಮ್ಮ ಪ್ರತಿನಿಧಿ ವರ್ಷಕ್ಕೆ ಎರಡು ಸಲ ಭೇಟಿ ಕೊಡ್ತಾರೆ ಸರ್ ಅಂದಳು. ಅದಕ್ಕಿಂತ ಹೆಚ್ಚು ಬೇಕಾದರೆ ಭೇಟಿಗೆ ಇಷ್ಟು ಅಂತ ಬೇರೆ ಪಟ್ಟಿ ಇದೆಯಂತೆ, ತೋರಿಸಲಾ ಅಂದಳು. ಬೇಡ ಅಂದೆ. ಅವಳ ಮುಖ ನೋಡೋಕಾಗಲಿಲ್ಲ. ತಪ್ಪು ಅವಳದ್ದಲ್ಲ.

ಜೂನ್ 25, ಬುಧವಾರ

ಪಾಪು ಮುಂದೆ ಇರಬೇಕಾದ ವಸತಿ ಮನೆ ನೋಡಿಬಂದ್ವಿ. ಶುಚಿಯಾಗಿದೆ. ಒಂದೇ ಬಣ್ಣದ ಹೊದಿಕೆಯ ಹದಿನೆಂಟು ಮಂಚ. ಜೊತೆಗೆ ಒಂದು ಪೆಟ್ಟಿಗೆಯಷ್ಟು ಸಾಮಾನು ತರಬಹುದು ಅಂದರು ಅಲ್ಲಿಯ ಮೇಲ್ವಿಚಾರಕಿ. ಪಾಪು ಅವರ ಕೈ ಹಿಡಿದು, ತೂಕದ ಯಂತ್ರ ಎಲ್ಲಿದೆ ಅಂತ ಕೇಳಿದಳು. ಅಡುಗೆಮನೆಯಲ್ಲಿ ಒಂದು ಚಿಕ್ಕದಿದೆಯಮ್ಮ ಅಂದರು. ಮಾಮ ಅದರ ಮೇಲೆ ನಿಲ್ಲೋಕಾಗಲ್ಲ ಅಂದಳು ಪಾಪು.

ಜುಲೈ 6, ಭಾನುವಾರ

ಆಮ್ಲಜನಕದ ಯಂತ್ರ ಬಂದಿದೆ, ಮಂಚದ ಪಕ್ಕ ಗುಯ್ ಅಂತಿರುತ್ತೆ. ಅಂಗಡಿಗೆ ಹೋಗೋದು ಬಿಟ್ಟು ಹತ್ತು ದಿನ ಆಯಿತು. ಇವತ್ತು ಒಂದು ಸ್ಕ್ರೂಡ್ರೈವರ್ ಬೇಕಿತ್ತು, ಗೋಡೆ ಹಿಡಿದುಕೊಂಡು ಅಂಗಡಿ ಇರೋ ಮುಂದಿನ ಕೋಣೆಗೆ ಹೋದೆ. ಪಾಪು ಬೆನ್ನು ಮಾಡಿ ನಿಂತಿದ್ದಳು, ಶೂ ಹಾಕಿಕೊಂಡು. ಹಲಗೆಯ ಮೇಲೆ ಏನೂ ಇರಲಿಲ್ಲ. ಬಗ್ಗಿ ಕಡ್ಡಿ ನೋಡಿದಳು, ಸರಿ ಅಂತ ತಲೆ ಆಡಿಸಿದಳು. ಬಾಗಿಲ ಕಡೆ ನೋಡಿದಳು. ಸ್ವಲ್ಪ ಹೊತ್ತು ಕಾದಳು. ಆಮೇಲೆ ನೋಟುಬುಕ್ಕಲ್ಲಿ ಬರೆದಳು.

ಅವಳು ಅಡುಗೆಮನೆಗೆ ಹೋದ ಮೇಲೆ ತೆಗೆದು ನೋಡಿದೆ. ಏಪ್ರಿಲ್ ಆರು, ಎಪ್ಪತ್ತನಾಲ್ಕೂವರೆ. ಅದರ ಕೆಳಗೆ ಏಪ್ರಿಲ್ ಹದಿಮೂರು, 0. ಇಪ್ಪತ್ತು, 0. ಇಪ್ಪತ್ತೇಳು, 0. ಇವತ್ತಿನ ತನಕ ಹದಿಮೂರು ಭಾನುವಾರ, ಹದಿಮೂರು ಸೊನ್ನೆ. ಒಂದು ತಾರೀಕೂ ತಪ್ಪಿಲ್ಲ. ಸೊನ್ನೆಗಳು ದುಂಡಗೆ, ಮುದ್ದಾಗಿವೆ, ನಾನೇ ಕೈ ಹಿಡಿದು ತಿದ್ದಿಸಿದ್ದು.

ನೆಲದ ಮೇಲೆ ಕೂತುಬಿಟ್ಟೆ. ಏಳೋಕೆ ಅವಳೇ ಬರಬೇಕಾಯಿತು.

ಜುಲೈ 10, ಗುರುವಾರ

ಅವನ ಮನೆಗೆ ಹೋಗಿ ಬಂದೆ. ಲೆಕ್ಕದ ಮೇಡಂ ಬಾಡಿಗೆ ಕಾರು ಮಾಡಿ, ಹೆಗಲಿಗೆ ಹಾಕೋ ಆಮ್ಲಜನಕದ ಸಿಲಿಂಡರು ಹಿಡಕೊಂಡು ಜೊತೆಗೆ ಬಂದರು, ಕೆಳಗೇ ಕೂತರು. ಎರಡು ಮಹಡಿ, ಇಪ್ಪತ್ತೆಂಟು ಮೆಟ್ಟಿಲು, ಏಳು ಸಲ ನಿಂತೆ. ಬಾಗಿಲು ತೆಗೆದವನು ನನ್ನನ್ನ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ನನ್ನ ಮುಖ ಹಾಗಾಗಿದೆ ಅಂತ ಆಗಲೇ ಗೊತ್ತಾಗಿದ್ದು. ಕುರ್ಚಿ ಎಳೆದ, ಫ್ಯಾನ್ ಹಾಕಿದ. ಹಾಲ್‌ನಲ್ಲಿ ಹೊಲಿಗೆ ಯಂತ್ರ ಇತ್ತು, ಕಿಟಕಿ ಪಕ್ಕ. ಪಾಪು ಮಂಚಕ್ಕೆ ಅಂತ ಜನವರಿಯಲ್ಲೇ ಆಚೆ ತಂದಿರಬೇಕು.

ಸೊನ್ನೆಗಳ ವಿಷಯ ಹೇಳಬೇಕು ಅಂತ ಹೋದವನು ಹಣದ ಮಾತಿನಿಂದ ಶುರು ಮಾಡಿದೆ. ನನಗೆ ಬೇರೆ ಬಾಗಿಲು ಗೊತ್ತಿಲ್ಲ. ಎಲ್ಲಾ ವಾಪಸ್ ನಿನ್ನ ಹತ್ತಿರವೇ ಹಾಕ್ತೀನಿ, ಹೊಸ ಕಮಿಷನ್ ಬರುತ್ತೆ, ಬೈಕು ತಗೋ, ಪೋಷಕ ಅಂತ ಒಂದು ಸಹಿ ಮಾಡು ಅಂದೆ. ಹೇಳ್ತಾ ಹೇಳ್ತಾ ಅದು ಹೇಗೆ ಕೇಳ್ತಾ ಇದೆ ಅಂತ ನನಗೇ ಗೊತ್ತಾಯಿತು. ನಿಲ್ಲಿಸೋಕೆ ಉಸಿರೇ ಕೈಕೊಡಬೇಕಾಯಿತು.

ಅವನು ನನ್ನ ಉಸಿರು ಹಿಡಿತಕ್ಕೆ ಬರೋ ತನಕ ಕಾದ. ಆಮೇಲೆ ಹೇಳಿದ್ದನ್ನ ಇದ್ದ ಹಾಗೇ ಬರೀತೀನಿ.

"ಅಗ್ಗದ ಫಂಡು ಇದೆ ಅಂತ ನನಗೆ ಗೊತ್ತಿತ್ತು ಭಾವ. ಹೇಳಲಿಲ್ಲ. ನನ್ನ ಮನೇನೂ ನಡೀಬೇಕಿತ್ತು. ಅದು ತಪ್ಪು, ಅದಕ್ಕೆ ನೀನು ಎಷ್ಟು ಬೈದಿದ್ರೂ ಕೇಳ್ತಿದ್ದೆ. ಆದ್ರೆ ಪಾಪು ಎದುರಿಗೆ ನನ್ನ ಭಾನುವಾರಕ್ಕೆ ರೇಟು ಹಾಕಿದೆಯಲ್ಲ. ಈಗ ನಾನು ಸಹಿ ಹಾಕಿದ್ರೆ, ಅವಳಿಗೆ ಒಂದು ಅಂಗಿ ಕೊಡಿಸಿದ್ರೂ ಇದರಲ್ಲಿ ನನ್ನ ಲಾಭ ಎಷ್ಟು ಅಂತ ನನಗೇ ಅನ್ಸುತ್ತೆ. ನನ್ನ ಕೈಲಿ ಆಗಲ್ಲ."

ಕ್ಷಮಿಸು ಅಂದೆ. ಅರವತ್ತೊಂದು ವರ್ಷದಲ್ಲಿ ಈ ಮಾತು ಎಷ್ಟು ಸಲ ಅಂದಿದ್ದೀನೋ, ನೆನಪಿಗೆ ಬರಲಿಲ್ಲ. ಅವನು ತಲೆ ಅಲ್ಲಾಡಿಸಿದ, ಹೂಂ ಅಂತಲೋ ಉಹೂಂ ಅಂತಲೋ ಗೊತ್ತಾಗಲಿಲ್ಲ. ಮೆಟ್ಟಿಲಿಳಿಯುವಾಗ ತೋಳು ಹಿಡಿದುಕೊಂಡಿದ್ದ. ಕಾರಿನ ಬಾಗಿಲು ಹಾಕಿ ಒಳಗೆ ಹೋದ.

ಸೊನ್ನೆಗಳ ವಿಷಯ ಹೇಳೋಕೆ ಮರೆತೆ.

ಜುಲೈ 24, ಗುರುವಾರ

ಬ್ಯಾಂಕಿನ ಹೆಣ್ಣುಮಗಳೇ ಮನೆಗೆ ಬಂದು ಸಹಿ ಮಾಡಿಸಿಕೊಂಡು ಹೋದಳು. ಎಪ್ಪತ್ತು ಮೂವತ್ತು ಹಾಗೇ ಇರುತ್ತೆ, ಬದಲಾಯಿಸಲ್ಲ ಅಂತ ಬರೆಸಿಕೊಂಡೆ. ತುರ್ತಿಗೆ ತಿಳಿಸಬೇಕಾದ ಬಂಧು ಅನ್ನೋ ಜಾಗ ಖಾಲಿ ಬಿಡಲಾ ಸರ್ ಅಂದಳು. ಅವನ ಹೆಸರು, ವಿಳಾಸ ಕೊಟ್ಟೆ. ಸಂಬಂಧ ಏನು ಅಂದಳು. ಮಾಮ ಅಂದೆ.

ಆಗಸ್ಟ್ 2, ಶನಿವಾರ

ಪೇಟೆ ಏರಿದೆಯಂತೆ. ಮೇಡಂ ಹೇಳಿದರು. ಎಷ್ಟು ಅಂತ ಕೇಳಲಿಲ್ಲ. ಪಾಪುಗೆ ತಲೆ ಬಾಚಿದೆ, ಎರಡು ಸಲ ಸುಧಾರಿಸಿಕೊಂಡು. ಬಿಳಿ ಕೂದಲು ಈಗ ಏಳೆಂಟಿವೆ.

ಆಗಸ್ಟ್ 10, ಭಾನುವಾರ

ಪೆನ್ನು ಭಾರ. ಆದರೂ ಬರೀಬೇಕು.

ಹತ್ತೂವರೆ ಇರಬೇಕು. ಬೈಕಿನ ಸದ್ದಿರಲಿಲ್ಲ, ಅದಕ್ಕೆ ಗೊತ್ತಾಗಲಿಲ್ಲ. ಮೊದಲು ಹಲಗೆ ಕಿರ್ ಅಂದಿದ್ದು ಕೇಳಿಸಿತು. ಯಾರೋ ಹತ್ತಿದ್ದಾರೆ. ಆಮೇಲೆ ಗುಂಡು ಸರಿಸೋ ಸದ್ದು, ತುಂಬಾ ಹೊತ್ತು, ಹಿಂದಕ್ಕೆ ಮುಂದಕ್ಕೆ. ಕಡ್ಡಿ ಟಕ್ ಅಂತು. ಎಷ್ಟು ಅಂತ ಅವನು ಕೇಳಿದ. ಪಾಪು ಹೇಳಿದ್ದು ಆಮ್ಲಜನಕದ ಯಂತ್ರದ ಗುಯ್ ಸದ್ದಲ್ಲಿ ಕೇಳಿಸಲಿಲ್ಲ. ಇಬ್ಬರೂ ಏನೋ ಮಾತಾಡಿದರು. ನಡಕೊಂಡೇ ಕೆರೆ ತನಕ ಹೋಗಿ ಬಂದರು.

ಕೋಣೆಯ ಬಾಗಿಲು ತೆರೆದೇ ಇತ್ತು. ದಿಂಬು ಎತ್ತರಿಸಿಕೊಂಡು ಕೂತಿದ್ದೆ, ತಲೆ ಕೈಯಲ್ಲೇ ಸವರಿಕೊಂಡಿದ್ದೆ. ಅವನು ಒಳಗೆ ಬರಲಿಲ್ಲ. ಹೊಸ್ತಿಲ ಹತ್ತಿರ ಅವನ ಚಪ್ಪಲಿ ಒಂದು ಗಳಿಗೆ ನಿಂತದ್ದು ಕಾಣಿಸಿತು. ಆಮೇಲೆ ಹೋಯಿತು.

ಪಾಪು ನೋಟುಬುಕ್ಕು ತಂದು ತೋರಿಸಿದಳು. ಹದಿನೇಳು ಸೊನ್ನೆಗಳ ಕೆಳಗೆ ಎಪ್ಪತ್ತು. ನಾಲ್ಕೂವರೆ ಕೆಜಿ ಇಳಿದಿದ್ದಾನೆ. ನಡೆದು ನಡೆದು ಇಳಿದಿರಬೇಕು, ಇಲ್ಲ ಊಟ ಸರಿಯಾಗಿ ಮಾಡ್ತಾ ಇಲ್ಲ. ನಾನಿದನ್ನ ಯಾರ ಹತ್ತಿರ ವಿಚಾರಿಸಲಿ?

ಮಾಮ ಏನಂದರು ಅಂತ ಪಾಪುನ ಕೇಳಿದೆ.

"ಮುಂದಿನ ವಾರ ಕಲ್ಲು ತರ್ತಾರಂತೆ" ಅಂದಳು. "ಅಪ್ಪಂಗೆ ಹೇಳಬೇಡ ಅಂದ್ರು."

ನನಗೆ ಹೇಳಿಲ್ಲ ಅಂತಲೇ ಅಂದುಕೊಳ್ತೀನಿ ಅಂದೆ. ಅವಳು ಶೂ ಬಿಚ್ಚಿ ಮಂಚದ ಕೆಳಗೆ ಜೋಡಿಸಿಟ್ಟು ಕೈ ತೊಳೆಯೋಕೆ ಹೋದಳು.